ಚಾಕೊಲೇಟ್ ಪಟ್ಟಣದ ಕಾವಲುಗಾರ

ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ರಾಜಧಾನಿ ಹ್ಯಾರಿಸ್‌ಬರ್ಗ್ ಸಸ್ಕ್ವೆಹಾನಾ ನದಿಯ ದಂಡೆಯ ಮೇಲಿದೆ. ಅಲ್ಲಿಂದ ಪೂರ್ವಕ್ಕೆ ಇಪ್ಪತ್ತು ಕಿಲೋಮೀಟರಿನಷ್ಟು ಸಾಗಿದರೆ ಸುಣ್ಣಕಲ್ಲಿನ ನೆಲವೂ ಹಸುರು ಹುಲ್ಲುಗಾವಲುಗಳೂ ಹರಡಿದ ಅಗಲವಾದ ಕಣಿವೆಯೊಂದು ಎದುರಾಗುತ್ತದೆ. ತಲೆಮಾರುಗಳಿಂದ ಹೈನುಗಾರಿಕೆಯನ್ನು ನಂಬಿ ಬಾಳಿದ ಈ ಕಣಿವೆಯಲ್ಲಿ ಹರ್ಷಿ ಎಂಬ ಸಣ್ಣ ಪಟ್ಟಣವಿದೆ. ಪೇಟೆಯ ಅಂಗಡಿಗಳಲ್ಲಿ ‘ಹರ್ಷೀಸ್’ ಚಾಕೊಲೇಟನ್ನು ಕಂಡ ಮಕ್ಕಳಿಗೆ ಈ ಹೆಸರು ಹೊಸದಲ್ಲ; ಆದರೆ ಅದು ಒಬ್ಬ ಮನುಷ್ಯನ ಹೆಸರೂ ಹೌದು, ಒಂದು ಊರಿನ ಹೆಸರೂ ಹೌದು ಎಂಬುದು ಅನೇಕರಿಗೆ ತಿಳಿದಿರಲಾರದು. ಊರಿನ ಮುಖ್ಯ ಬೀದಿಗೆ ಚಾಕೊಲೇಟ್ ಅವೆನ್ಯೂ ಎಂದೂ ಅದನ್ನು ಅಡ್ಡಹಾಯುವ ಬೀದಿಗೆ ಕೋಕೋ ಅವೆನ್ಯೂ ಎಂದೂ ಹೆಸರು. ಬೀದಿದೀಪಗಳು ಸಹ ಅಲ್ಲಿನ ಪ್ರಸಿದ್ಧ ಪುಟ್ಟ ಮಿಠಾಯಿಯ ಆಕಾರದಲ್ಲಿವೆ. ಒಂದು ಬೆಳ್ಳಿಯ ಹಾಳೆ ಸುತ್ತಿದಂತೆ, ಇನ್ನೊಂದು ಹಾಳೆ ಬಿಚ್ಚಿದಂತೆ. ಹಳೆಯ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಹುರಿದ ಕೋಕೋ ಬೀಜದ ಪರಿಮಳ ಬೀದಿ ಬೀದಿಗಳಲ್ಲಿ ಹಬ್ಬಿರುತ್ತಿತ್ತು.

ಇಷ್ಟನ್ನು ನೋಡಿ, ಒಂದು ಪೊಟ್ಟಣ ಮಿಠಾಯಿ ಕೊಂಡು ಮರಳುವ ಪ್ರವಾಸಿಗಳೇ ಹೆಚ್ಚು. ಆದರೆ ಈ ಊರಿಗೆ ಇನ್ನೊಂದು ಚರಿತ್ರೆಯಿದೆ. ಮಂಜುಗಡ್ಡೆಯ ಮೇಲೆ ಆಡುವ ಹಾಕಿಯ ಚರಿತ್ರೆ ಅದು. ಆ ಆಟದ ಅತ್ಯುನ್ನತ ಅಂಕಣದಲ್ಲಿ ಕೇವಲ 23 ಪಂದ್ಯಗಳನ್ನಾಡಿ, ಉಳಿದ ಆಯುಷ್ಯವನ್ನೆಲ್ಲ ಎರಡನೆಯ ದರ್ಜೆಯ ಅಂಕಣಗಳಲ್ಲಿ ಕಳೆದ ಒಬ್ಬ ರಕ್ಷಣಾ ಆಟಗಾರ ಈ ಊರಿನ ಹಿರಿಯರ ಸಾಲಿನಲ್ಲಿ ನಿಂತ ಬಗೆ ಆ ಚರಿತ್ರೆಯ ಮುಖ್ಯ ಭಾಗ. ಅವರ ಹೆಸರು ಫ್ರಾಂಕ್ ಮ್ಯಾಥರ್ಸ್.

ಊರು ಕಟ್ಟಿದ ಬಗೆ

ಮ್ಯಾಥರ್ಸ್ ಇಲ್ಲಿಗೆ ಬರುವ ಮೊದಲೇ ಊರಿಗೆ ಅರ್ಧ ಶತಮಾನ ತುಂಬಿತ್ತು. ಅದನ್ನು ಸ್ಥಾಪಿಸಿದ ಮಿಲ್ಟನ್ ಹರ್ಷಿ 1857ರಲ್ಲಿ ಇದೇ ಕಣಿವೆಯ ಒಂದು ರೈತ ಮನೆಯಲ್ಲಿ ಹುಟ್ಟಿದವರು. ಅವರ ಶಾಲಾ ವಿದ್ಯಾಭ್ಯಾಸ ನಾಲ್ಕನೆಯ ತರಗತಿಯನ್ನು ದಾಟಲಿಲ್ಲ. ಫಿಲಡೆಲ್ಫಿಯಾದಲ್ಲಿ ತೆರೆದ ಮಿಠಾಯಿ ಅಂಗಡಿ ನಷ್ಟಕ್ಕೆ ಸಿಲುಕಿ ಮುಚ್ಚಿಹೋಯಿತು. ಬೇರೆ ನಗರಗಳಲ್ಲಿ ನಡೆಸಿದ ಪ್ರಯತ್ನಗಳೂ ಕೈಗೂಡಲಿಲ್ಲ. ಕೊನೆಗೆ ಲ್ಯಾಂಕಾಸ್ಟರ್ ಎಂಬಲ್ಲಿ ಹಾಲು ಬೆರೆಸಿದ ಕ್ಯಾರಮೆಲ್ ಮಿಠಾಯಿ ಅವರ ಕೈ ಹಿಡಿಯಿತು. 1900ರಲ್ಲಿ ಆ ಉದ್ಯಮವನ್ನು ಹತ್ತು ಲಕ್ಷ ಡಾಲರಿಗೆ ಮಾರಿ, ಹಾಲಿನ ಚಾಕೊಲೇಟ್ ತಯಾರಿಸುವ ಸಂಕಲ್ಪದಿಂದ ಅವರು ಹುಟ್ಟೂರಿಗೆ ಮರಳಿದರು. ಹಾಲು ಇಲ್ಲಿಯೇ ಸಿಗುತ್ತಿತ್ತು, ನೀರು ಸಮೃದ್ಧವಾಗಿತ್ತು, ದುಡಿಮೆಗೆ ಹೆದರದ ಜನ ಸುತ್ತಲೂ ಇದ್ದರು. 1903ರಲ್ಲಿ ಹೊಲಗಳ ನಡುವೆ ಕಾರ್ಖಾನೆಯ ಕೆಲಸ ಆರಂಭವಾಯಿತು. ಅದರ ಸುತ್ತ ಮನೆ, ಬ್ಯಾಂಕು, ಟ್ರಾಮ್ ಗಾಡಿ, ಉದ್ಯಾನ ಎಲ್ಲವೂ ಒಂದೊಂದಾಗಿ ಬಂದವು.

ಮಿಲ್ಟನ್ ಮತ್ತು ಅವರ ಪತ್ನಿ ಕ್ಯಾಥರೀನ್ ದಂಪತಿಗೆ ಮಕ್ಕಳಿರಲಿಲ್ಲ. 1909ರಲ್ಲಿ ಅವರು ಅನಾಥ ಬಾಲಕರಿಗಾಗಿ ಒಂದು ಶಾಲೆಯನ್ನು ತೆರೆದರು. 1918ರಲ್ಲಿ ಮಿಲ್ಟನ್ ತಮ್ಮ ಚಾಕೊಲೇಟ್ ಕಂಪನಿಯ ಷೇರುಗಳನ್ನು ಆ ಶಾಲೆಯ ನಿಧಿಗೆ ಬರೆದುಕೊಟ್ಟರು. ನಾಲ್ಕನೆಯ ತರಗತಿಗೆ ಓದು ನಿಲ್ಲಿಸಿದ ಮನುಷ್ಯನ ಗಳಿಕೆಯಿಂದ ಇಂದಿಗೂ ಎರಡು ಸಾವಿರಕ್ಕೂ ಹೆಚ್ಚು ಬಾಲಕ ಬಾಲಕಿಯರು ಊಟ, ಬಟ್ಟೆ, ವಸತಿ ಸಹಿತವಾಗಿ ಒಂದು ಕಾಸನ್ನೂ ತೆರದೆ ಅಲ್ಲಿ ಕಲಿಯುತ್ತಿದ್ದಾರೆ.

1929ರಲ್ಲಿ ಷೇರುಪೇಟೆ ಕುಸಿದು ಮಹಾ ಆರ್ಥಿಕ ಮುಗ್ಗಟ್ಟು ಬಂದೆರಗಿದಾಗ ದೇಶದ ಅಸಂಖ್ಯಾತ ಕಾರ್ಖಾನೆಗಳು ಬಾಗಿಲು ಹಾಕಿದವು. ಮಿಲ್ಟನ್ ಹರ್ಷಿ ಆ ದುರ್ಭರ ಕಾಲದಲ್ಲಿ ಕಟ್ಟಡ ಕಟ್ಟುವ ಕೆಲಸಕ್ಕೆ ಕೈಹಾಕಿದರು. ಸಾಮಗ್ರಿ ಅಗ್ಗವಾಗಿತ್ತು, ಕೆಲಸವಿಲ್ಲದ ಗಾರೆಯವರೂ ಬಡಗಿಗಳೂ ಊರಲ್ಲಿಯೇ ಇದ್ದರು. 1933ರಲ್ಲಿ ಗುಡ್ಡದ ಮೇಲೊಂದು ದೊಡ್ಡ ಹೋಟೆಲು, ಅದೇ ವರ್ಷ ಒಂದು ಸಮುದಾಯ ಭವನ, 1936ರ ಡಿಸೆಂಬರಿನಲ್ಲಿ ಮಂಜುಗಡ್ಡೆಯ ಕ್ರೀಡಾಂಗಣ ಸಿದ್ಧವಾದವು. ಆ ಕ್ರೀಡಾಂಗಣದ ಮಾಡು ಇಂಜಿನಿಯರುಗಳು ಇಂದಿಗೂ ಹೋಗಿ ನೋಡುವಂಥದು. ಆಂಟನ್ ಟೆಡೆಸ್ಕೋ ಎಂಬ ಇಂಜಿನಿಯರ್ ರೂಪಿಸಿದ ಆ ಕಮಾನು ಮಾಡಿನ ಕಾಂಕ್ರೀಟ್ ಕವಚದ ದಪ್ಪ ಮೂರೂವರೆ ಅಂಗುಲ, ಅಂದರೆ ಅರ್ಧ ಗೇಣಿಗೂ ಕಡಿಮೆ. ಇನ್ನೂರು ಅಡಿಗೂ ಮೀರಿದ ಅಗಲವನ್ನು ಅದು ನಡುವೆ ಒಂದು ಕಂಬದ ಆಸರೆಯೂ ಇಲ್ಲದೆ ಹೊದ್ದು ನಿಂತಿದೆ. ಕಂಬವಿಲ್ಲದ್ದರಿಂದ ಎಲ್ಲಿ ಕುಳಿತವನಿಗೂ ಆಟ ಮರೆಯಾಗದು. ಒಳಗೆ ಏಳು ಸಾವಿರಕ್ಕೂ ಹೆಚ್ಚು ಆಸನಗಳಿದ್ದವು. ಆಗ ಊರಿನಲ್ಲಿ ಅಷ್ಟು ಜನರೇ ಇರಲಿಲ್ಲ.

ಒಬ್ಬನೇ ಒಡೆಯನ ಊರು ಎಂದ ಮೇಲೆ ಎಲ್ಲವೂ ಮಿಠಾಯಿಯಂತೆ ಸಿಹಿಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. 1937ರ ಏಪ್ರಿಲಿನಲ್ಲಿ ಕಾರ್ಖಾನೆಯ ಕೆಲಸಗಾರರು ಒಳಗೇ ಕುಳಿತು ಮುಷ್ಕರ ಹೂಡಿದರು. ಕಾರ್ಖಾನೆ ನಿಂತರೆ ಹಾಲು ಕೊಳ್ಳುವವರಿಲ್ಲ. ಸಿಟ್ಟಿಗೆದ್ದ ಹೈನುಗಾರರೂ ಮುಷ್ಕರಕ್ಕೆ ಸೇರದ ಕೆಲಸಗಾರರೂ ಒಳನುಗ್ಗಿ ಮುಷ್ಕರನಿರತರನ್ನು ಬಡಿದು ಹೊರಗಟ್ಟಿದರು. ಸಣ್ಣ ಊರಿನಲ್ಲಿ ಒಬ್ಬರ ಬದುಕು ಇನ್ನೊಬ್ಬರ ಬದುಕಿಗೆ ಹೇಗೆ ಹೆಣೆದುಕೊಂಡಿರುತ್ತದೆ ಎಂಬುದಕ್ಕೆ ಆ ಕಹಿ ಘಟನೆಯೂ ಸಾಕ್ಷಿ.

ಈ ಊರಿಗೆ ಮಂಜುಹಾಕಿ ಬಂದದ್ದು 1931ರಲ್ಲಿ. ಕೆಲವು ವರ್ಷಗಳಲ್ಲಿ ಊರಿನ ತಂಡಕ್ಕೆ ಚಾಕೊಲೇಟ್ ಪಟ್ಟಿಯ ನೆನಪಿನಲ್ಲಿ ‘ಹರ್ಷಿ ಬಾರ್ಸ್’ ಎಂದು ಹೆಸರಿಡಲಾಯಿತು. ಇದು ಆಟದ ತಂಡವೋ ಅಂಗಡಿಯ ಜಾಹೀರಾತೋ ಎಂಬ ಆಕ್ಷೇಪ ಬಂದಾಗ, 1936ರಲ್ಲಿ ಉಚ್ಚಾರಣೆಯನ್ನು ತುಸು ತಿರುಗಿಸಿ ‘ಹರ್ಷಿ ಬೇರ್ಸ್’, ಎಂದರೆ ಹರ್ಷಿಯ ಕರಡಿಗಳು, ಎಂದು ಬದಲಿಸಿದರು. ಹೆಸರು ಕರಡಿಯದಾದರೂ ಅಂಗಿಯ ಬಣ್ಣ ಚಾಕೊಲೇಟಿನದಾಗಿಯೇ ಉಳಿಯಿತು. 1938ರಲ್ಲಿ ಈ ತಂಡ ಇಂದಿನ ಅಮೆರಿಕನ್ ಹಾಕಿ ಲೀಗನ್ನು ಸೇರಿತು. ಅಂದಿನಿಂದ ಇಂದಿನವರೆಗೆ ಒಂದೇ ಊರಿನಲ್ಲಿ ಒಂದೇ ಹೆಸರಿನಲ್ಲಿ ಆಡುತ್ತ ಬಂದಿದೆ.

ಮಂಜುಗಡ್ಡೆಯ ಮೇಲಿನ ಕಾವಲು

ಹುಲ್ಲಿನ ಬಯಲಿನ ಹಾಕಿಯನ್ನು ಬಲ್ಲವರಿಗೆ ಮಂಜುಹಾಕಿಯ ತಿರುಳನ್ನು ತಿಳಿಯುವುದು ಕಷ್ಟವಲ್ಲ. ಅಂಕಣದ ಉದ್ದ 200 ಅಡಿ, ಅಗಲ 85 ಅಡಿ. ಸುತ್ತ ಮರದ ಹಲಗೆಯ ಗೋಡೆ. ನೆಲದ ಅಡಿಯಲ್ಲಿ ಹಾಸಿದ ಕೊಳವೆಗಳಲ್ಲಿ ಅತಿಶೀತಲವಾದ ಉಪ್ಪುನೀರನ್ನು ಹರಿಯಿಸುತ್ತಾರೆ. ಮೇಲೆ ನೀರನ್ನು ತೆಳ್ಳಗೆ ಪದರ ಪದರವಾಗಿ ಚಿಮುಕಿಸಿ ಒಂದು ಅಂಗುಲದಷ್ಟು ದಪ್ಪದ ಮಂಜುಗಡ್ಡೆಯನ್ನು ಕಟ್ಟುತ್ತಾರೆ. ಆಟಗಾರರ ಕಾಲಿನಲ್ಲಿ ಉಕ್ಕಿನ ಅಲಗಿನ ಬೂಟು, ಕೈಯಲ್ಲಿ ಉದ್ದನೆಯ ಕೋಲು. ಚೆಂಡಿನ ಬದಲಿಗೆ ಮೂರು ಅಂಗುಲ ವ್ಯಾಸದ, ಒಂದು ಅಂಗುಲ ದಪ್ಪದ ಗಟ್ಟಿ ರಬ್ಬರಿನ ಬಿಲ್ಲೆ. ಅದಕ್ಕೆ ಪಕ್ ಎಂದು ಹೆಸರು. ಇಪ್ಪತ್ತು ನಿಮಿಷಗಳ ಮೂರು ಅವಧಿಗಳಲ್ಲಿ ಆಟ ಮುಗಿಯುತ್ತದೆ. ಒಂದು ಹೊತ್ತಿಗೆ ಪ್ರತಿ ಪಕ್ಷದಲ್ಲಿ ಆರು ಮಂದಿ: ಗೋಲು ಕಾಯುವವನೊಬ್ಬ, ಮುನ್ನುಗ್ಗುವವರು ಮೂವರು, ನಡುವೆ ರಕ್ಷಣಾ ಆಟಗಾರರು ಇಬ್ಬರು.

ಈ ಇಬ್ಬರ ಕೆಲಸ ನೋಡುವವರ ಕಣ್ಣಿಗೆ ಸುಲಭವಾಗಿ ಬೀಳುವಂಥದಲ್ಲ. ಎದುರಾಳಿ ವೇಗವಾಗಿ ಜಾರುತ್ತ ಬರುವಾಗ ರಕ್ಷಣಾ ಆಟಗಾರ ಅಷ್ಟೇ ವೇಗದಲ್ಲಿ ಹಿಮ್ಮುಖವಾಗಿ ಜಾರಬೇಕು. ಕೋಲಿನ ತುದಿಯಲ್ಲಿ ಕುಣಿಯುವ ಬಿಲ್ಲೆಯನ್ನು ನೋಡುತ್ತ ನಿಂತರೆ ಮೋಸ ಹೋಗುತ್ತಾನೆ. ಅವನ ದೃಷ್ಟಿ ಎದುರಾಳಿಯ ಎದೆಯ ಮೇಲೆ ನೆಟ್ಟಿರಬೇಕು. ಕೋಲು ಎತ್ತ ಆಡಿದರೂ ಎದೆ ತಿರುಗಿದತ್ತಲೇ ಮನುಷ್ಯ ಹೋಗುತ್ತಾನೆ. ಕಬಡ್ಡಿಯ ಅಂಕಣದ ಮೂಲೆಯಲ್ಲಿ ನಿಂತು, ದಾಳಿಗೆ ಬಂದವನ ಕಾಲು ಯಾವ ಕ್ಷಣದಲ್ಲಿ ನೆಲ ಬಿಡುತ್ತದೆ ಎಂದು ಕಾಯುವ ಹುಡುಗನಿಗೆ ಈ ತಾಳ್ಮೆಯ ಪರಿಚಯವಿದೆ. ಗುಂಡಿನಂತೆ ಬರುವ ಬಿಲ್ಲೆಗೆ ಮೈಯೊಡ್ಡುವುದು, ಗೋಡೆಯ ಮೂಲೆಯಲ್ಲಿ ಎದುರಾಳಿಯನ್ನು ಒತ್ತಿ ಹಿಡಿಯುವುದು, ಬಿಲ್ಲೆ ಕೈಸೇರಿದೊಡನೆ ತನ್ನವನೊಬ್ಬನಿಗೆ ನೇರವಾಗಿ ದಾಟಿಸುವುದು, ಇವೆಲ್ಲ ಅವನ ನಿತ್ಯದ ದುಡಿಮೆ. ಮ್ಯಾಥರ್ಸ್ ಆಡಿದ ಕಾಲದಲ್ಲಿ ಬಹುತೇಕ ಆಟಗಾರರು ತಲೆಗೆ ಶಿರಸ್ತ್ರಾಣವನ್ನೂ ಧರಿಸುತ್ತಿರಲಿಲ್ಲ. ಗೋಲು ಹೊಡೆದವನ ಹೆಸರು ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಆಗದಂತೆ ತಡೆದ ಗೋಲುಗಳ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ.

ಇಪ್ಪತ್ತಮೂರು ಪಂದ್ಯಗಳು

ಮ್ಯಾಥರ್ಸ್ 1924ರ ಮಾರ್ಚ್ 29ರಂದು ಕೆನಡಾದ ವಿನ್ನಿಪೆಗ್ ನಗರದಲ್ಲಿ ಹುಟ್ಟಿದರು. ಅದು ಎರಡು ನದಿಗಳು ಕೂಡುವ, ಚಳಿಗಾಲದಲ್ಲಿ ಆ ನದಿಗಳೇ ಹೆಪ್ಪುಗಟ್ಟುವ ಬಯಲುಸೀಮೆಯ ಊರು. ಅಲ್ಲಿನ ಹುಡುಗರಿಗೆ ಹಾಕಿ ಆಡಲು ಯಂತ್ರದ ಮಂಜುಗಡ್ಡೆ ಬೇಕಿಲ್ಲ. ಆಕಾಶವೇ ಅದನ್ನು ಒದಗಿಸುತ್ತದೆ. ಅಂಥ ಊರಿನಲ್ಲಿ ಬೆಳೆದ ಹುಡುಗರ ಕನಸು ಒಂದೇ ಆಗಿತ್ತು: ನ್ಯಾಷನಲ್ ಹಾಕಿ ಲೀಗ್.

ಆದರೆ ಆ ಬಾಗಿಲು ಬಹಳ ಕಿರಿದಾಗಿತ್ತು. 1942ರಿಂದ 1967ರವರೆಗೆ, ಪೂರಾ ಇಪ್ಪತ್ತೈದು ವರ್ಷ, ಆ ಲೀಗಿನಲ್ಲಿದ್ದದ್ದು ಕೇವಲ ಆರು ತಂಡಗಳು. ಒಂದು ತಂಡಕ್ಕೆ ಇಪ್ಪತ್ತರ ಆಸುಪಾಸಿನ ಆಟಗಾರರೆಂದರೂ, ಎರಡು ದೇಶಗಳ ಹುಡುಗರೆಲ್ಲರಿಗೂ ಸೇರಿ ಸುಮಾರು 120 ಸ್ಥಾನಗಳು ಮಾತ್ರ. ಅದರಲ್ಲಿ ರಕ್ಷಣಾ ಆಟಗಾರರ ಪಾಲು ಇನ್ನೂ ಕಡಿಮೆ. ಮೇಲಾಗಿ ಆಟಗಾರನ ಹಕ್ಕು ತಂಡದ ಕೈಯಲ್ಲಿರುತ್ತಿತ್ತು. ಒಂದು ತಂಡದಲ್ಲಿ ಜಾಗವಿಲ್ಲವೆಂದು ಇನ್ನೊಂದು ತಂಡಕ್ಕೆ ತಾನಾಗಿಯೇ ಹೋಗುವಂತಿರಲಿಲ್ಲ. ದೊಡ್ಡ ತಂಡಗಳು ಎರಡನೆಯ ದರ್ಜೆಯ ಲೀಗಿನ ತಂಡಗಳೊಡನೆ ಒಪ್ಪಂದ ಮಾಡಿಕೊಂಡು ತಮ್ಮ ಆಟಗಾರರನ್ನು ಅಲ್ಲಿ ಇರಿಸುತ್ತಿದ್ದವು. ಮೇಲಿನ ತಂಡದಲ್ಲಿ ಒಬ್ಬನಿಗೆ ಪೆಟ್ಟಾದರೆ ಕೆಳಗಿನವನಿಗೆ ಕರೆ ಬರುತ್ತದೆ. ಪೆಟ್ಟು ಮಾಗಿದೊಡನೆ ಅವನು ಮರಳಿ ಕೆಳಗಿಳಿಯುತ್ತಾನೆ. ಪೆಟ್ಟಿಗೆಯನ್ನು ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು ಅವನ ಬದುಕಿನ ಕ್ರಮವಾಗುತ್ತದೆ.

ಮ್ಯಾಥರ್ಸ್ ಅವರ ಹಕ್ಕು ಟೊರಾಂಟೊ ಮೇಪಲ್ ಲೀಫ್ಸ್ ತಂಡದ್ದಾಗಿತ್ತು. ಆ ಕಾಲದಲ್ಲಿ ಅದಕ್ಕಿಂತ ಬಲಿಷ್ಠವಾದ ತಂಡ ಬೇರೊಂದಿರಲಿಲ್ಲ ಎನ್ನಬಹುದು. 1947, 1948, 1949 ಮತ್ತು 1951ರಲ್ಲಿ ಅದು ಆಟದ ಪರಮೋಚ್ಚ ಗೌರವವಾದ ಸ್ಟ್ಯಾನ್ಲಿ ಕಪ್ಪನ್ನು ಗೆದ್ದಿತ್ತು. ಗೆಲ್ಲುತ್ತಿರುವ ತಂಡದ ಕಾವಲುಗಾರರನ್ನು ಯಾರೂ ಬದಲಿಸುವುದಿಲ್ಲ. 1948ರಿಂದ 1952ರ ನಡುವೆ ಮ್ಯಾಥರ್ಸ್ ಅವರಿಗೆ ಅಲ್ಲಿ ಆಡಲು ದೊರೆತದ್ದು 23 ಪಂದ್ಯಗಳು. ಅವುಗಳಲ್ಲಿ ಅವರು ಒಂದು ಗೋಲು ಹೊಡೆದರು, ಮೂರು ಗೋಲುಗಳಿಗೆ ನೆರವಾದರು. ಅವರ ಅತ್ಯುನ್ನತ ದರ್ಜೆಯ ಆಟದ ಲೆಕ್ಕ ಅಲ್ಲಿಗೆ ಮುಗಿಯಿತು.

ಉಳಿದ ದಿನಗಳೆಲ್ಲ ಪಿಟ್ಸ್‌ಬರ್ಗಿನ ಹಾರ್ನೆಟ್ಸ್ ತಂಡದಲ್ಲಿ ಕಳೆದವು. ಉಕ್ಕಿನ ಕಾರ್ಖಾನೆಗಳ ಆ ನಗರದಲ್ಲಿ ಟ್ರಾಮ್ ಗಾಡಿಗಳನ್ನು ನಿಲ್ಲಿಸುವ ಕೊಟ್ಟಿಗೆಯಾಗಿದ್ದ ಹಳೆಯ ಕಟ್ಟಡವೊಂದು ಡ್ಯುಕೇನ್ ಗಾರ್ಡನ್ಸ್ ಎಂಬ ಕ್ರೀಡಾಂಗಣವಾಗಿತ್ತು. ಮ್ಯಾಥರ್ಸ್ ಅಲ್ಲಿ ಎರಡನೆಯ ದರ್ಜೆಯ ಲೀಗಿನ ಅತ್ಯುತ್ತಮ ರಕ್ಷಣಾ ಆಟಗಾರರೆಂದು ಹಲವು ಬಾರಿ ಆಯ್ಕೆಯಾದರು. 1952ರಲ್ಲಿಯೂ 1955ರಲ್ಲಿಯೂ ತಂಡ ಆ ಲೀಗಿನ ಕಾಲ್ಡರ್ ಕಪ್ಪನ್ನು ಗೆದ್ದುಕೊಂಡಿತು. ಅದೇ ಹಾರ್ನೆಟ್ಸ್ ತಂಡದಲ್ಲಿ ಅವರ ಜೊತೆಗೆ ಟಿಮ್ ಹಾರ್ಟನ್ ಎಂಬ ಕಿರಿಯ ರಕ್ಷಣಾ ಆಟಗಾರನಿದ್ದ. ಮೂರು ವರ್ಷ ಅಲ್ಲಿ ಪಳಗಿ ಹಾರ್ಟನ್ ಟೊರಾಂಟೊ ಸೇರಿದ. ಮುಂದೆ ನಾಲ್ಕು ಸ್ಟ್ಯಾನ್ಲಿ ಕಪ್ಪುಗಳನ್ನು ಗೆದ್ದ. ಅವನು ಆರಂಭಿಸಿದ ಕಾಫಿ ಅಂಗಡಿಗಳು ಇಂದು ಭಾರತದವರೆಗೂ ಬಂದಿವೆ. ಒಂದೇ ಅಂಕಣದಿಂದ ಹೊರಟ ಇಬ್ಬರಲ್ಲಿ ಒಬ್ಬನ ಹೆಸರು ಅಂಗಡಿಯ ಫಲಕಗಳ ಮೇಲೆ ಬೆಳಗಿತು. ಇನ್ನೊಬ್ಬರು ಮತ್ತೆ ಪೆಟ್ಟಿಗೆ ಕಟ್ಟಿಕೊಂಡರು.

ಕಟ್ಟಿಕೊಳ್ಳಲೇಬೇಕಾಯಿತು. 1956ರಲ್ಲಿ ಡ್ಯುಕೇನ್ ಗಾರ್ಡನ್ಸ್ ಕಟ್ಟಡವನ್ನು ಕೆಡವಿದರು. ಆಡಲು ಬೇರೆ ಅಂಕಣವಿಲ್ಲದೆ ಹಾರ್ನೆಟ್ಸ್ ತಂಡವೇ ನಿಂತುಹೋಯಿತು. ಆಗ ಮ್ಯಾಥರ್ಸ್ ಅವರಿಗೆ ವಯಸ್ಸು 32. ಆಟಗಾರನಿಗೆ ಅದು ಇಳಿವಯಸ್ಸು. ಮೇಲಕ್ಕೆ ಹತ್ತುವ ದಾರಿ ಮುಚ್ಚಿತ್ತು, ನಿಂತಿದ್ದ ನೆಲವೂ ಕುಸಿದಿತ್ತು. ಅದೇ ವರ್ಷ ಚಾಕೊಲೇಟ್ ಪಟ್ಟಣದ ತಂಡ ಅವರನ್ನು ಆಟಗಾರರೂ ತರಬೇತುದಾರರೂ ಆಗಿ ಬರುವಂತೆ ಕರೆಯಿತು.

ನಿಂತ ನೆಲ

ಹಾಗೆ ಬಂದವರು ಮೂವತ್ತೈದು ವರ್ಷ ಆ ತಂಡದ ಕೆಲಸ ಬಿಡಲಿಲ್ಲ. 1962ರವರೆಗೆ ಸ್ವತಃ ಆಡುತ್ತಲೇ ತಂಡವನ್ನು ನಡೆಸಿದರು. ಕೊನೆಯ ಬಾರಿ ಅಲಗಿನ ಬೂಟು ಬಿಚ್ಚಿದಾಗ ಅವರಿಗೆ 38 ವರ್ಷ. ತರಬೇತುದಾರರಾಗಿ 1973ರವರೆಗೆ ಮುಂದುವರಿದರು. ಅನಂತರ ತಂಡದ ಆಡಳಿತವನ್ನು ವಹಿಸಿಕೊಂಡು, ಅಧ್ಯಕ್ಷರಾಗಿ 1991ರಲ್ಲಿ ನಿವೃತ್ತರಾದರು.

ಅವರು ಬಂದಾಗ ಲೀಗಿನಲ್ಲಿದ್ದವು ಆರು ಊರುಗಳು: ಹರ್ಷಿ, ಬಫಲೊ, ಕ್ಲೀವ್‌ಲ್ಯಾಂಡ್, ರಾಚೆಸ್ಟರ್, ಪ್ರಾವಿಡೆನ್ಸ್, ಸ್ಪ್ರಿಂಗ್‌ಫೀಲ್ಡ್. ಉಳಿದವೆಲ್ಲ ಕಾರ್ಖಾನೆಗಳಿಂದಲೂ ವ್ಯಾಪಾರದಿಂದಲೂ ಬೆಳೆದ ನಗರಗಳು. ಅವುಗಳ ಎದುರಿಗೆ ಹರ್ಷಿ ಒಂದು ಹಳ್ಳಿಯಷ್ಟೇ. ಚಳಿಗಾಲವಿಡೀ ಈ ಊರುಗಳ ನಡುವೆ ತಿರುಗಾಟ. ಹಿಮ ಸುರಿಯುವ ಹೆದ್ದಾರಿಗಳಲ್ಲಿ ರಾತ್ರಿಯ ಬಸ್ ಪ್ರಯಾಣ, ಮೈಯೆಲ್ಲ ನೋವು ತುಂಬಿಕೊಂಡು ಆಸನದಲ್ಲಿಯೇ ತೂಕಡಿಕೆ, ಬೆಳಗಿನ ಜಾವಕ್ಕೆ ಮನೆ. ಬೇಸಿಗೆಯಲ್ಲಿ ಆಟವಿಲ್ಲ, ಅನೇಕ ಆಟಗಾರರು ಆಗ ಬೇರೆ ದುಡಿಮೆ ಹುಡುಕಿಕೊಳ್ಳುತ್ತಿದ್ದರು.

ಮ್ಯಾಥರ್ಸ್ ಬಂದ ಎರಡನೆಯ ಋತುವಿನಲ್ಲಿಯೇ, 1958ರಲ್ಲಿ, ಹರ್ಷಿ ತಂಡ ಕಾಲ್ಡರ್ ಕಪ್ಪನ್ನು ಗೆದ್ದಿತು. 1959ರಲ್ಲಿ ಮತ್ತೆ ಗೆದ್ದಿತು. 1969ರಲ್ಲಿ ಮೂರನೆಯ ಬಾರಿ. ಅವರು ಆಡಳಿತಕ್ಕೆ ಸರಿದ ಮೇಲೆ 1974, 1980 ಮತ್ತು 1988ರಲ್ಲಿಯೂ ಕಪ್ಪು ಊರಿಗೆ ಬಂತು. 1988ರ ತಂಡವಂತೂ ಕಪ್ಪಿನ ಘಟ್ಟದಲ್ಲಿ ಆಡಿದ ಹನ್ನೆರಡು ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ತರಬೇತುದಾರರಾಗಿ ಅವರು ಲೀಗಿನ ಪಂದ್ಯಗಳಲ್ಲಿ ಕಂಡ ಗೆಲುವುಗಳು 610.

ಅವರ ಕೈಕೆಳಗೆ ಆಡಿದವರಲ್ಲಿ ಅವರಂಥ ರಕ್ಷಣಾ ಆಟಗಾರರು ಇನ್ನೂ ಇದ್ದರು. ಡಾನ್ ಚೆರಿ ಎಂಬ ತರುಣ ಹರ್ಷಿಯಲ್ಲಿ ಆಡುತ್ತಿದ್ದಾಗ ಊರಿನ ಹುಡುಗಿಯೊಬ್ಬಳನ್ನು ಮೆಚ್ಚಿ ಮದುವೆಯಾದ. ಎರಡನೆಯ ದರ್ಜೆಯ ಲೀಗುಗಳಲ್ಲಿ ವರ್ಷಾನುಗಟ್ಟಲೆ ಅಲೆದ ಅವನಿಗೆ ನ್ಯಾಷನಲ್ ಲೀಗಿನಲ್ಲಿ ಆಡಲು ದೊರೆತದ್ದು ಒಂದೇ ಒಂದು ಪಂದ್ಯ; ಮುಂದೆ ಆತ ಬಾಸ್ಟನ್ ತಂಡದ ತರಬೇತುದಾರನಾಗಿಯೂ ಟೆಲಿವಿಷನ್ನಿನ ಮಾತುಗಾರನಾಗಿಯೂ ಕೆನಡಾದ ಮನೆಮಾತಾದ. ರಾಲ್ಫ್ ಕೆಲ್ಲರ್ ಎಂಬ ಇನ್ನೊಬ್ಬ ರಕ್ಷಣಾ ಆಟಗಾರ ಹತ್ತಕ್ಕೂ ಹೆಚ್ಚು ವರ್ಷ ಹರ್ಷಿಯ ಕಾವಲು ಕಾದ. ಅವನ ನ್ಯಾಷನಲ್ ಲೀಗಿನ ಲೆಕ್ಕ ಮೂರು ಪಂದ್ಯಗಳು. ಒಂದು, ಮೂರು, ಇಪ್ಪತ್ತಮೂರು. ಈ ಅಂಕಿಗಳನ್ನಷ್ಟೇ ಓದಿದವನು ಮೂವರನ್ನೂ ಸೋತವರ ಪಟ್ಟಿಗೆ ಸೇರಿಸಿಯಾನು. ಆದರೆ ಚಳಿಗಾಲದ ಶನಿವಾರ ರಾತ್ರಿ ಮಕ್ಕಳ ಕೈಹಿಡಿದು ಕ್ರೀಡಾಂಗಣಕ್ಕೆ ಬರುತ್ತಿದ್ದ ಕಾರ್ಖಾನೆಯ ಕೆಲಸಗಾರನೂ ಹೈನುಗಾರನೂ ಹಾಗೆ ಎಣಿಸಲಿಲ್ಲ. ತಮ್ಮೆದುರು ಆಡುವವನು ಮೇಲಕ್ಕೆ ಹೋಗುತ್ತಾನೋ ಇಲ್ಲವೋ ಎಂಬುದಕ್ಕಿಂತ, ಇಂದು ರಾತ್ರಿ ಗೋಲಿನ ಮುಂದೆ ನಿಲ್ಲುತ್ತಾನೋ ಇಲ್ಲವೋ ಎಂಬುದೇ ಅವರಿಗೆ ಮುಖ್ಯವಾಗಿತ್ತು.

ಮಾಡಿನ ಕೆಳಗೆ

ಆ ಕಂಬವಿಲ್ಲದ ಮಾಡಿನ ಕೆಳಗೆ ನಡೆದದ್ದು ಹಾಕಿ ಮಾತ್ರವಲ್ಲ. 1962ರ ಮಾರ್ಚ್ 2ರಂದು ಫಿಲಡೆಲ್ಫಿಯಾದ ಬ್ಯಾಸ್ಕೆಟ್‌ಬಾಲ್ ತಂಡ ನ್ಯೂಯಾರ್ಕಿನ ತಂಡದೊಡನೆ ಅಲ್ಲಿ ಒಂದು ಪಂದ್ಯ ಆಡಿತು. ವಿಲ್ಟ್ ಚೇಂಬರ್ಲಿನ್ ಎಂಬ ಆಟಗಾರ ಆ ರಾತ್ರಿ ಒಬ್ಬನೇ 100 ಅಂಕ ಗಳಿಸಿದ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಆ ದಾಖಲೆಯನ್ನು ಇಂದಿಗೂ ಯಾರೂ ಸರಿಗಟ್ಟಿಲ್ಲ. ಅದನ್ನು ಕಣ್ಣಾರೆ ಕಂಡವರೆಂದು ಲೆಕ್ಕಕ್ಕೆ ಸಿಕ್ಕವರು 4,124 ಜನ. ಟೆಲಿವಿಷನ್ ಕ್ಯಾಮೆರಾ ಅಲ್ಲಿರಲಿಲ್ಲ. ಶತಮಾನದ ದೊಡ್ಡ ಸಾಧನೆಯೊಂದು ಮಹಾನಗರದ ಬೆಳಕಿನಲ್ಲಿ ಅಲ್ಲ, ಚಾಕೊಲೇಟ್ ಪಟ್ಟಣದ ಅರೆತುಂಬಿದ ಅಂಗಣದಲ್ಲಿ ನಡೆದುಹೋಯಿತು.

ಇನ್ನೊಂದು ಘಟನೆ 1979ರದು. ಮಾರ್ಚ್ 28ರ ಬೆಳಗಿನ ಜಾವ, ಹರ್ಷಿಗೆ ಬಹಳ ದೂರವಲ್ಲದ ಸಸ್ಕ್ವೆಹಾನಾ ನದಿಯ ತ್ರೀ ಮೈಲ್ ಐಲ್ಯಾಂಡ್ ಎಂಬ ನಡುಗಡ್ಡೆಯ ಅಣುವಿದ್ಯುತ್ ಸ್ಥಾವರದಲ್ಲಿ ಅವಘಡವಾಯಿತು. ಎರಡು ದಿನಗಳ ಬಳಿಕ, ಸ್ಥಾವರದಿಂದ ಐದು ಮೈಲಿಯೊಳಗಿನ ಗರ್ಭಿಣಿಯರೂ ಶಾಲೆಗೆ ಸೇರದ ಪುಟ್ಟ ಮಕ್ಕಳೂ ಊರು ಬಿಡುವುದು ಒಳಿತೆಂದು ರಾಜ್ಯದ ಗವರ್ನರ್ ಸೂಚಿಸಿದರು. ಹೊರಟವರಿಗೆ ಆಶ್ರಯವಾಗಿ ಗೊತ್ತುಮಾಡಿದ ಸ್ಥಳ ಹರ್ಷಿಯ ಕ್ರೀಡಾಂಗಣ. ಮುಗ್ಗಟ್ಟಿನ ಕಾಲದಲ್ಲಿ ಊರಿನ ಕೈಗಳು ಎರಕ ಹೊಯ್ದ ಅರ್ಧ ಗೇಣಿನ ಮಾಡು ಅಂದು ಮಂಚಗಳ ಸಾಲಿಗೂ ಅಳುವ ಹಸುಳೆಗಳಿಗೂ ನೆರಳಾಯಿತು. ಊರಿಗೆ ಒಂದು ದೊಡ್ಡ ಮನೆ ಇರಬೇಕು, ಅದನ್ನು ವರ್ಷವಿಡೀ ಬಳಕೆಯಲ್ಲಿಡುವ ಜನ ಇರಬೇಕು ಎಂಬುದರ ಅರ್ಥ ಇಂಥ ದಿನಗಳಲ್ಲಿ ತಿಳಿಯುತ್ತದೆ.

ಕಟ್ಟಿದವರ ಸಾಲು

1992ರಲ್ಲಿ ಟೊರಾಂಟೊದ ಹಾಕಿ ಕೀರ್ತಿಶಾಲೆ ಮ್ಯಾಥರ್ಸ್ ಅವರನ್ನು ತನ್ನ ಸದಸ್ಯರನ್ನಾಗಿ ಸ್ವೀಕರಿಸಿತು. ಅಲ್ಲಿ ಆಟಗಾರರದೊಂದು ಸಾಲು, ಆಟವನ್ನು ಕಟ್ಟಿದವರದು ಇನ್ನೊಂದು ಸಾಲು. ಮ್ಯಾಥರ್ಸ್ ಸೇರಿದ್ದು ಕಟ್ಟಿದವರ ಸಾಲಿಗೆ. ಯಾವ ನಗರದ ತಂಡದಲ್ಲಿ ಅವರಿಗೆ ಕಾಯಂ ಜಾಗ ಸಿಗಲಿಲ್ಲವೋ ಅದೇ ನಗರದಲ್ಲಿ ನಲವತ್ತು ವರ್ಷಗಳ ಮೇಲೆ ಅವರ ಹೆಸರಿಗೆ ಕಾಯಂ ಜಾಗ ದೊರೆಯಿತು.

ಎಲೆಮರೆಯ ಕಾಯಿ ಎಂದು ಇಂಥವರನ್ನು ಕರೆಯುವುದು ವಾಡಿಕೆ. ಆದರೆ ಹರ್ಷಿಯ ಜನರಿಗೆ ಅವರು ಮರೆಯಲ್ಲಿರಲಿಲ್ಲ. ಮೂವತ್ತೈದು ವರ್ಷ ಕಣ್ಣೆದುರೇ ಇದ್ದರು. ಮರೆಯೆಂಬುದು ನೋಡುವವನು ಎಲ್ಲಿ ನಿಂತಿದ್ದಾನೆ ಎಂಬುದನ್ನು ಅವಲಂಬಿಸಿದೆ. ಟೊರಾಂಟೊದಿಂದ ನೋಡಿದರೆ ಹರ್ಷಿ ಅಂಚಿನ ಊರು. ಹರ್ಷಿಯಲ್ಲಿ ನಿಂತು ನೋಡಿದರೆ ಟೊರಾಂಟೊ ದೂರದ ಊರು. ಅಂಕಪಟ್ಟಿಯ ಮೊದಲ ಸಾಲಿನಲ್ಲಿ ಹೆಸರಿಲ್ಲದ ಮಕ್ಕಳೂ, ಮಕ್ಕಳನ್ನು ದೊಡ್ಡ ನಗರಕ್ಕೆ ಕಳುಹಿಸುವುದೋ ಊರಿನಲ್ಲೇ ಓದಿಸುವುದೋ ಎಂದು ತೂಗಿ ನೋಡುವ ತಂದೆ ತಾಯಂದಿರೂ ಈ ಮನುಷ್ಯನ ಬದುಕಿನಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮೇಲೆ ಹೋಗಲು ಅವರೂ ಪ್ರಯತ್ನಿಸಿದರು, ಅದರಲ್ಲಿ ನಾಚಿಕೆಯಿಲ್ಲ. ಬಾಗಿಲು ಮುಚ್ಚಿದಾಗ ಅದರ ಮುಂದೆಯೇ ಕುಳಿತಿರಲಿಲ್ಲ. ಕರೆದ ಊರಿಗೆ ಬಂದು, ಆ ಊರನ್ನು ದಾಟಿಹೋಗುವ ಮೆಟ್ಟಿಲೆಂದು ಭಾವಿಸದೆ, ಅಲ್ಲಿಯೇ ಬೇರುಬಿಟ್ಟರು.

2002ರಲ್ಲಿ ತಂಡ ಹೊಸದಾದ, ಇನ್ನೂ ದೊಡ್ಡದಾದ ಕ್ರೀಡಾಂಗಣಕ್ಕೆ ಸ್ಥಳಾಂತರಗೊಂಡಿತು. ಹಳೆಯದನ್ನು ಕೆಡವಲಿಲ್ಲ, ಕಮಾನು ಮಾಡಿನ ಕಟ್ಟಡ ಉದ್ಯಾನದ ಪಕ್ಕದಲ್ಲಿ ಇಂದಿಗೂ ನಿಂತಿದೆ. 2005ರ ಫೆಬ್ರವರಿ 9ರಂದು ಮ್ಯಾಥರ್ಸ್ ಹರ್ಷಿಯಲ್ಲಿಯೇ ಕಣ್ಮುಚ್ಚಿದರು. ಆಗ ಅವರಿಗೆ ಎಂಬತ್ತು ವರ್ಷ. ತಂಡ 2023ರಲ್ಲಿಯೂ 2024ರಲ್ಲಿಯೂ ಮತ್ತೆ ಕಾಲ್ಡರ್ ಕಪ್ಪನ್ನು ಗೆದ್ದು ಒಟ್ಟು ಹದಿಮೂರು ಕಪ್ಪುಗಳ ಒಡೆತನ ಪಡೆದಿದೆ; ಆ ಲೀಗಿನಲ್ಲಿ ಬೇರಾವ ತಂಡಕ್ಕೂ ಅಷ್ಟು ಕಪ್ಪುಗಳಿಲ್ಲ.

ಹರ್ಷಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಒಂದು ಪದ್ಧತಿಯಿದೆ. ಆ ದಿನದ ಪಂದ್ಯಕ್ಕೆ ಬರುವವರೆಲ್ಲ ಬಟ್ಟೆಯ ಕರಡಿ ಮರಿಗಳನ್ನೂ ಇತರ ಮೆತ್ತನೆಯ ಗೊಂಬೆಗಳನ್ನೂ ತರುತ್ತಾರೆ. ಊರಿನ ತಂಡ ಮೊದಲ ಗೋಲು ಹೊಡೆದೊಡನೆ ಅವೆಲ್ಲವನ್ನೂ ಮಂಜುಗಡ್ಡೆಯ ಮೇಲೆ ಎಸೆಯುತ್ತಾರೆ. ಆಟ ನಿಲ್ಲುತ್ತದೆ, ಗೊಂಬೆಗಳನ್ನು ರಾಶಿ ಹಾಕಿ ಸುತ್ತಲಿನ ಸೇವಾಸಂಸ್ಥೆಗಳ ಮೂಲಕ ಮಕ್ಕಳಿಗೆ ಹಂಚುತ್ತಾರೆ. 2025ರ ಜನವರಿಯಲ್ಲಿ ಹಾಗೆ ಬಿದ್ದ ಗೊಂಬೆಗಳ ಸಂಖ್ಯೆ ಒಂದು ಲಕ್ಷವನ್ನು ದಾಟಿತು. ಎಸೆಯುವ ಮಕ್ಕಳಲ್ಲಿ ಯಾರೂ ಮ್ಯಾಥರ್ಸ್ ಆಡಿದ್ದನ್ನು ಕಂಡವರಲ್ಲ. ಆದರೆ ಚಾಕೊಲೇಟ್ ಬಣ್ಣದ ಅಂಗಿಗಳಲ್ಲಿ 3ನೆಯ ಸಂಖ್ಯೆ ಮಾತ್ರ ಯಾರ ಬೆನ್ನ ಮೇಲೂ ಇಲ್ಲದಿರುವುದನ್ನು ಅವರಲ್ಲಿ ಕೆಲವರಾದರೂ ಗಮನಿಸುತ್ತಾರೆ, ಪಕ್ಕದಲ್ಲಿ ಕುಳಿತ ಅಜ್ಜನನ್ನು ಅದೇಕೆಂದು ಕೇಳುತ್ತಾರೆ. ಇಪ್ಪತ್ತಮೂರು ಪಂದ್ಯಗಳ ಫ್ರಾಂಕ್ ಮ್ಯಾಥರ್ಸ್ ಅವರಿಗೂ ಮೂರು ಪಂದ್ಯಗಳ ರಾಲ್ಫ್ ಕೆಲ್ಲರ್ ಅವರಿಗೂ ಒಟ್ಟಾಗಿ ಮೀಸಲಾದ ಸಂಖ್ಯೆ ಅದು. ತಂಡ ಅದನ್ನು ಇನ್ನು ಯಾರಿಗೂ ಕೊಡುವುದಿಲ್ಲ.